ಮೂಗಿನ ದಾರಿ ಮೇಲಕ್ಕಲ್ಲ, ಹಿಂದಕ್ಕೆ: ಸ್ವಾಬ್ ತೆಗೆದ ನನ್ನ ಅನುಭವ

ನಾನು ಕಾಸರಗೋಡು ಜಿಲ್ಲೆಯ ಮಂಜೇಶ್ವರ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್. ಕೊರೊನಾ ಕಾಲದಲ್ಲಿ ಸುಮಾರು ಎರಡು ವರ್ಷ ಸ್ವಾಬ್, ಅಂದರೆ ಮೂಗು-ಗಂಟಲಿಗೆ ಕಡ್ಡಿ ಹಾಕಿ ಸ್ಯಾಂಪಲ್ ತೆಗೆದಿದ್ದೇನೆ. ಆ ಪರೀಕ್ಷೆಯ ಮಾತು ಬಂದಾಗ ಜನ ಯಂತ್ರದ ಬಗ್ಗೆ ಕೇಳುತ್ತಾರೆ, ಕಿಟ್ಟಿನ ಬಗ್ಗೆ ಕೇಳುತ್ತಾರೆ. ಕಡ್ಡಿಯ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಕಂಡ ಹಾಗೆ ಪರೀಕ್ಷೆ ಕೆಡುವುದು ಜಾಸ್ತಿ ಅಲ್ಲೇ.

ದೇಶದ ಮೂರನೇ ಕೇಸು ಸಿಕ್ಕಿದ್ದು ನಮ್ಮ ಜಿಲ್ಲೆಯಲ್ಲೇ, 2020ರ ಫೆಬ್ರವರಿ 3ಕ್ಕೆ. ಆಗ ಸ್ಯಾಂಪಲ್ ಆಲಪ್ಪುಳದ ವೈರಾಲಜಿ ಘಟಕಕ್ಕೆ ಹೋಗಬೇಕಿತ್ತು. ಇಲ್ಲಿಂದ 400 ಕಿಲೋಮೀಟರಿಗೂ ಜಾಸ್ತಿ ದೂರ. ಮಾರ್ಚಿನಲ್ಲಿ ಗಲ್ಫಿನಿಂದ ಬಂದವರ ಸಂಖ್ಯೆ ಏರಿತು, ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಬಿತ್ತು. ತಲೆನೋವು ಬಂದರೂ ಮಂಗಳೂರಿಗೆ ಬಸ್ ಹತ್ತುತ್ತಿದ್ದ ಊರು ನಮ್ಮದು. ಡಯಾಲಿಸಿಸ್‌ನವರಿಗೆ, ಹೃದಯದ ಕಾಯಿಲೆಯವರಿಗೆ ಅದೇ ದಾರಿ. ಆ ದಾರಿ ಮುಚ್ಚಿದ ದಿನಗಳನ್ನು ಈಗ ನೆನೆದರೂ ಎದೆ ಭಾರವಾಗುತ್ತದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಪರೀಕ್ಷೆ ಶುರುವಾದ ಮೇಲೆ ನಮ್ಮ ಐಸ್ ಬಾಕ್ಸಿಗೆ ಜಿಲ್ಲೆಯೊಳಗೇ ಒಂದು ವಿಳಾಸ ಸಿಕ್ಕಿತು.

ಇನ್ನು ಕಡ್ಡಿಯ ವಿಷಯ. ಹೊಸಬರು ಮಾಡುವ ಮೊದಲ ತಪ್ಪು, ಕಡ್ಡಿಯನ್ನು ಕಣ್ಣಿನ ಕಡೆಗೆ ಮೇಲಕ್ಕೆ ತಳ್ಳುವುದು. ಮೂಗು ಹೊರಗಿನಿಂದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಒಳಗಿನ ದಾರಿ ನೇರ ಹಿಂದಕ್ಕೆ ಹೋಗುತ್ತದೆ. ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಬಾಯಿಯ ಅಂಗುಳಕ್ಕೆ ಸಮನಾಗಿ, ಮೂಗಿನ ನೆಲ ಹಿಡಿದು ಕಡ್ಡಿ ಬಿಡಬೇಕು. ಕಿವಿಯ ತೂತಿನ ಕಡೆಗೆ ಹೋಗುತ್ತಿದ್ದೇನೆ ಎಂದು ಮನಸ್ಸಿನಲ್ಲಿ ಗೆರೆ ಎಳೆದುಕೊಂಡರೆ ಸರಿ. ಹಿಂದಿನ ಗೋಡೆ ಮುಟ್ಟಿದಾಗ ಮೆತ್ತಗೆ ತಡೆ ಸಿಗುತ್ತದೆ. ಅಲ್ಲಿ ಕೆಲವು ಸೆಕೆಂಡು ನಿಲ್ಲಿಸಿ, ತಿರುಗಿಸಿ, ನಿಧಾನ ತೆಗೆಯಬೇಕು. ನಡುವೆಯೇ ತಡೆ ಬಂದರೆ ಮೂಗಿನ ಎಲುಬು ಓರೆಯಿರಬಹುದು. ಆಗ ಒತ್ತಬಾರದು, ಇನ್ನೊಂದು ಹೊಳ್ಳೆಗೆ ಹೋಗಬೇಕು. ನಾನು ಎದುರಿಗೆ ನಿಲ್ಲುತ್ತಿರಲಿಲ್ಲ, ಪಕ್ಕಕ್ಕೆ ನಿಲ್ಲುತ್ತಿದ್ದೆ. ಕಡ್ಡಿ ಹಿಂದೆ ಮುಟ್ಟಿದ ಕೂಡಲೇ ಸೀನು ಬರುವುದು ಸಹಜ.

ಗಂಟಲಿನಿಂದ ಇನ್ನೊಂದು ಕಡ್ಡಿ. ನಾಲಿಗೆಗೆ ತಾಗಿಸದೆ ಟಾನ್ಸಿಲ್ ಮತ್ತು ಹಿಂದಿನ ಗೋಡೆ ಮುಟ್ಟಬೇಕು. ನಮ್ಮ ಅಡಿಕೆ ಸೀಮೆಯಲ್ಲಿ ಇದಕ್ಕೊಂದು ವಿಶೇಷ ತೊಂದರೆ. ಹಿರಿಯರು ಎಲೆಯಡಿಕೆ ಜಗಿಯುತ್ತಲೇ ಸಾಲಿನಲ್ಲಿ ನಿಂತಿರುತ್ತಾರೆ. ಕಡ್ಡಿ ಕೆಂಪಾಗಿ ಬಂದರೆ ಅದು ರಕ್ತವೋ ಎಲೆಯಡಿಕೆಯೋ ತಿಳಿಯುವುದಿಲ್ಲ. ಆಮೇಲೆ ನಾನು ಸಾಲಿನ ಕೊನೆಯವರೆಗೆ ಹೋಗಿ ಮೊದಲೇ ಹೇಳಿಬಿಡುತ್ತಿದ್ದೆ, ಬಾಯಿ ತೊಳೆದು ಬಂದು ಕೂತುಕೊಳ್ಳಿ ಅಂತ.

ಎರಡೂ ಕಡ್ಡಿ ಒಂದೇ ಟ್ಯೂಬಿಗೆ. ಒಳಗಿನ ದ್ರವ ನಸುಗೆಂಪು. ಅದು ಹಳದಿಯಾಗಿದ್ದರೆ ಕೆಟ್ಟಿದೆ ಎಂದು ಅರ್ಥ, ಬಳಸುವ ಹಾಗಿಲ್ಲ. ಕಡ್ಡಿಯನ್ನು ಗುರುತಿನ ಜಾಗದಲ್ಲಿ ಮುರಿದು, ಮುಚ್ಚಳ ಬಿಗಿದು, ಮೂರು ಪದರದ ಪ್ಯಾಕಿಂಗ್ ಮಾಡಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು.

ಇಷ್ಟೆಲ್ಲ ಕೈಗೆ ಬಂದ ಮೇಲೂ ಒಂದು ವಿಷಯ ನಾನು ತಡವಾಗಿ ಕಲಿತೆ. ಹೆದರಿದವರು ಕುತ್ತಿಗೆ ಬಿಗಿ ಮಾಡುತ್ತಾರೆ, ಕಡ್ಡಿ ಒಳಗೆ ಹೋದ ಕೂಡಲೇ ತಲೆ ಹಿಂದೆ ಎಳೆಯುತ್ತಾರೆ. ಅಲ್ಲಿಗೆ ಸ್ವಾಬ್ ಅರ್ಧದಲ್ಲೇ ನಿಲ್ಲುತ್ತದೆ. ಪಿಪಿಇ ಕಿಟ್ಟಿನೊಳಗೆ ನಮ್ಮ ಮುಖ ಕಾಣುವುದಿಲ್ಲ. ಉಳಿಯುವುದು ದನಿ ಒಂದೇ. ತುಳುವರಿಗೆ ‘ಪೋಡಿಯೊಡ್ಚಿ’, ಮಲಯಾಳದವರಿಗೆ ‘ಪೇಡಿಕ್ಕಂಡ’, ಕನ್ನಡದವರಿಗೆ ‘ಹೆದರಬೇಡಿ’. ಆ ಒಂದು ಶಬ್ದ ಅವರವರ ಮನೆಮಾತಿನಲ್ಲಿ ಬಿದ್ದರೆ ಭುಜ ಸಡಿಲವಾಗುವುದು ಕಣ್ಣಿಗೇ ಕಾಣುತ್ತಿತ್ತು. ಗಡಿ ಜಿಲ್ಲೆಯಲ್ಲಿ ಭಾಷೆಯೂ ಸ್ಯಾಂಪಲ್ ತೆಗೆಯುವ ಕೆಲಸದ್ದೇ ಭಾಗ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ನನ್ನಿಂದಲೂ ಒಂದು ದೊಡ್ಡ ತಪ್ಪಾಗಿದೆ. ಒಂದು ಮಧ್ಯಾಹ್ನ ಟ್ಯೂಬಿನ ಮೇಲೆ ಮಾಮೂಲಿ ಪೆನ್ನಿನಲ್ಲಿ ಹೆಸರು ಬರೆದಿದ್ದೆ. ಐಸ್ ಪ್ಯಾಕಿನ ತೇವಕ್ಕೆ ಶಾಯಿ ಹರಡಿತು. ಎರಡು ಟ್ಯೂಬಿನಲ್ಲಿ ಒಂದೇ ಹೆಸರು, ಒಂದೇ ವಾರ್ಡು, ನಂಬರು ಮಾತ್ರ ಅಳಿಸಿಹೋಗಿದೆ. ಯಾವುದು ಯಾರದ್ದು? ಎರಡನ್ನೂ ಬಿಡಬೇಕಾಯಿತು. ಇಬ್ಬರಿಗೂ ಫೋನು ಮಾಡಿ, ತಪ್ಪು ನನ್ನದು ಎಂದು ಹೇಳಿ ಮತ್ತೆ ಕರೆಸಿದೆ. ಒಬ್ಬರು ಬೀಡಿ ಕಟ್ಟುವವರು, ಎರಡು ದಿನದ ಕೂಲಿ ಹೋಗಿತ್ತು. ಅವರು ಒಂದು ಮಾತೂ ಆಡಲಿಲ್ಲ. ಅವತ್ತಿನಿಂದ ಅಳಿಯದ ಮಾರ್ಕರ್, ಲೇಬಲ್ ಮೇಲೆ ಸೆಲ್ಲೋಟೇಪು. ಬರೆಯುವುದು ಸ್ವಾಬಿಗೆ ಮೊದಲು. ಮನೆ ಹೆಸರು ಕೇಳದೆ ನಮ್ಮ ಕಡೆ ಹೆಸರು ಪೂರ್ತಿಯಾಗುವುದಿಲ್ಲ, ಅದನ್ನೂ ಸೇರಿಸಿದೆ. ಕೂತವರೇ ಟ್ಯೂಬ್ ನೋಡಿ ‘ಹೌದು, ನನ್ನದೇ’ ಅನ್ನಬೇಕು.

ಲ್ಯಾಬಿನಲ್ಲಿ ಮುಂದೆ ನಡೆಯುವುದು ಆರ್‌ಟಿಪಿಸಿಆರ್ ಪರೀಕ್ಷೆ. ಸ್ಯಾಂಪಲ್‌ನಿಂದ ಆರ್‌ಎನ್‌ಎ, ಅಂದರೆ ವೈರಸ್ಸಿನ ಆನುವಂಶಿಕ ವಸ್ತು ಬೇರ್ಪಡಿಸುತ್ತಾರೆ. ಅದನ್ನು ಡಿಎನ್‌ಎ ಆಗಿ ಬದಲಿಸಿ, ವೈರಸ್ಸಿನ ಗುರುತಿನ ತುಣುಕುಗಳನ್ನು ಸುತ್ತು ಸುತ್ತಾಗಿ ದ್ವಿಗುಣ ಮಾಡುತ್ತಾರೆ. ಬೆಳಕಿನ ಗುರುತು ಯಾವ ಸುತ್ತಿನಲ್ಲಿ ಕಾಣುತ್ತದೋ ಅದೇ ಸಿಟಿ ವ್ಯಾಲ್ಯೂ. 18 ಅಂದರೆ ವೈರಸ್ ತುಂಬಾ ಇದೆ, 33 ಅಂದರೆ ಕಡಿಮೆ. ನಡುವಿನ 15 ಸುತ್ತು ಅಂದರೆ ಹೆಚ್ಚುಕಡಿಮೆ 32 ಸಾವಿರ ಪಟ್ಟು ವ್ಯತ್ಯಾಸ. ಪರಿಚಯದ ಮಾಷ್ಟ್ರೊಬ್ಬರು ಈ ನಂಬರು ಹಿಡಿದು, ಕಾಯಿಲೆ ಎಷ್ಟು ಜೋರು ಎಂದು ಕೇಳಿದ್ದರು. ನಂಬರಿನಲ್ಲಿ ಅದು ಗೊತ್ತಾಗುವುದಿಲ್ಲ ಮಾಷ್ಟ್ರೇ ಎಂದೆ. ಕಡ್ಡಿ ಸರಿಯಾಗಿ ಹಿಂದಕ್ಕೆ ಹೋಗದಿದ್ದರೂ ಆ ನಂಬರು ಬದಲಾಗುತ್ತದೆ.

ಟ್ಯೂಬಿನಲ್ಲಿ ಮನುಷ್ಯನ ಜೀವಕೋಶ ಇದೆಯೇ ಎಂದು ನೋಡುವ ಕಿಟ್‌ಗಳೂ ಇವೆ. ಅದೂ ಕಾಣದಿದ್ದರೆ ಸ್ಯಾಂಪಲ್ ಆಗಲಿಲ್ಲ, ಮತ್ತೆ ತೆಗೆಯಿರಿ ಎಂದು ಬರುತ್ತದೆ. ಆದರೆ ಜೀವಕೋಶ ಮೂಗಿನ ಮುಂಭಾಗದಲ್ಲೂ ಇರುತ್ತದಲ್ಲ. ಬಾಗಿಲಲ್ಲೇ ಸುಮ್ನೆ ಉಜ್ಜಿ ತೆಗೆದ ಸ್ವಾಬೂ ಈ ಪರೀಕ್ಷೆ ಪಾಸಾಗಿ, ಚೆಂದದ ನೆಗೆಟಿವ್ ಆಗಿ ಹೊರಬರಬಹುದು. ಅಲ್ಲಿ ಏನು ನಡೆಯಿತು ಎಂದು ಗೊತ್ತಿರುವುದು ಕಡ್ಡಿ ಹಿಡಿದವರಿಗೆ ಮಾತ್ರ. ಕೆಲಸ ಎಷ್ಟೇ ಇದ್ದರೂ ಆ ಕೆಲವು ಸೆಕೆಂಡು ಉಳಿಸಬಾರದು ಎಂದು ನಾನು ಹೊಸಬರಿಗೆ ಪದೇ ಪದೇ ಹೇಳಿದ್ದು ಇದಕ್ಕೇ.

ವೈರಸ್ಸಿನ ಪ್ರೋಟೀನ್ ಹುಡುಕುವ ಆಂಟಿಜೆನ್ ಕಿಟ್ ಬಂದಾಗ ಎಲ್ಲರಿಗೂ ಖುಷಿ. 15 ನಿಮಿಷದಲ್ಲಿ ಗೆರೆ ಕಾಣುತ್ತದೆ, 30 ನಿಮಿಷ ದಾಟಿದರೆ ಓದಬಾರದು. 2020ರ ಜೂನ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಒಪ್ಪಿಗೆ ಕೊಡುವಾಗಲೇ ಅದರ ಮಿತಿ ಹೇಳಿತ್ತು: ಸೋಂಕಿರುವ 100 ಜನರಲ್ಲಿ ಇದು ಹಿಡಿಯುವುದು 50ರಿಂದ 84 ಜನರನ್ನು. ಪಾಸಿಟಿವ್ ಬಂದರೆ ನಂಬಬಹುದು. ಜ್ವರ, ಕೆಮ್ಮು ಇದ್ದು ನೆಗೆಟಿವ್ ಬಂದರೆ ಆರ್‌ಟಿಪಿಸಿಆರ್ ಮಾಡಲೇಬೇಕಿತ್ತು. ಒಬ್ಬರು ಅಜ್ಜನನ್ನು ಮಗ ಕರೆತಂದಿದ್ದರು. ಮೂರು ದಿನದ ಜ್ವರ, ಆಂಟಿಜೆನ್ ನೆಗೆಟಿವ್.

“ನೆಗೆಟಿವ್ ಬಂತಲ್ಲ ಸಿಸ್ಟರ್, ಮತ್ತೆ ಯಾಕೆ? ನಾಡಿದ್ದು ಮನೆಯಲ್ಲಿ ದೈವಕ್ಕೆ ತಂಬಿಲ ಸೇವೆ ಇದೆ.”

“ಅಣ್ಣ, ಈ ಕಿಟ್ಟಿಗೆ ಕಂಡಿಲ್ಲ ಅಷ್ಟೇ. ಇಲ್ಲ ಅಂತ ಅದು ಹೇಳಿಲ್ಲ. ಇನ್ನೊಂದು ಸಲ ತೆಗೆಯಲು ಬಿಡಿ.”

ಮಗ ಗೊಣಗಿದರು. ಅಜ್ಜನೇ ಮುಖ ಎತ್ತಿ ಕೂತರು. ಮರುದಿನ ಸಂಜೆ ಪಾಸಿಟಿವ್ ಬಂತು. ತಂಬಿಲ ಮುಂದೆ ಹೋಯಿತು.

2021ರಲ್ಲಿ ಗಡಿ ದಾಟಲು 72 ಗಂಟೆಯೊಳಗಿನ ನೆಗೆಟಿವ್ ರಿಪೋರ್ಟ್ ಬೇಕೆಂದಾಯಿತು. ಕಾಯಿಲೆ ಇಲ್ಲದವರ ಸಾಲು ಕಾಯಿಲೆ ಇದ್ದವರ ಸಾಲಿಗಿಂತ ಉದ್ದವಾಯಿತು. ಸ್ವಾಬ್ ಕೊಟ್ಟ ಗಳಿಗೆಯ ಸುದ್ದಿಯನ್ನಷ್ಟೇ ರಿಪೋರ್ಟ್ ಹೇಳುತ್ತದೆ, ಸಂಜೆ ಬಸ್ಸಿನಲ್ಲಿ ಯಾರ ಪಕ್ಕ ಕೂತರು ಎಂದು ಹೇಳುವುದಿಲ್ಲ. ಅದನ್ನು ಪಾಸಿನ ಹಾಗೆ ಬಳಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ದಿನಾ ಓಡಾಡುವವರಿಗೆ ನಿಯಮ ಆಗಾಗ ಬದಲಾಗುತ್ತಿತ್ತು, ಹೇಗಿದ್ದರೂ ಅವರು ಮತ್ತೆ ಮತ್ತೆ ಬರಬೇಕಿತ್ತು. ಮಂಗಳೂರಿನಲ್ಲಿ ಓದುವ ಹುಡುಗಿಯೊಬ್ಬಳು ಎಷ್ಟು ಸಲ ಬಂದಳೆಂದರೆ, ಅವಳು ಕೂತ ಕೂಡಲೇ ನಾನು ರಿಜಿಸ್ಟರಿನಲ್ಲಿ ಅವಳ ಹೆಸರಿನ ಪಕ್ಕ ಪೆನ್ಸಿಲ್ಲಿನಲ್ಲಿ ಬರೆದಿಟ್ಟದ್ದನ್ನು ನೋಡುತ್ತಿದ್ದೆ. ಕಳೆದ ಸಲ ಬಲ ಹೊಳ್ಳೆ. ಈ ಸಲ ಎಡ.