ಹಾಲ್ ಹಾಲ್ ಆಗಿಯೇ ಉಳಿಯಿತು, ಬೇಸ್ ಹತೋಟಿಗೆ ಬಂತು: ನನ್ನ ಅನುಭವ

ನಮ್ಮ ಮನೆಯ ಹಾಲ್‌ನಲ್ಲಿ ಹಾಡು ಹಾಕಿದರೆ ಬೇಸ್ (ತಗ್ಗಿನ ಸ್ವರಗಳು) ಗುಡುಗುತ್ತಿತ್ತು. ಸ್ಪೀಕರ್ ಬದಲಿಸದೆ ಈ ಹಾಲ್ ಸರಿಹೋಗದು ಎಂದವರೇ ಹೆಚ್ಚು. ಸ್ಪೀಕರೂ ಆಂಪೂ ಹಳೆಯವೇ ಇವೆ; ಬದಲಿಗೆ ಗೋಡೆಗೆ ಸದ್ದು ಹೀರುವ ಪ್ಯಾನೆಲ್ ಮಾಡಿಸಿದೆ. ಒಟ್ಟು ಖರ್ಚು ಸ್ಪೀಕರ್ ಜೋಡಿಯ ಬೆಲೆಯ ಐದನೇ ಒಂದು ಭಾಗದಷ್ಟು. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಬಟ್ಟೆಗೆ, ಮರದ ಚೌಕಟ್ಟಿಗೆ ಹೋಯಿತು, ಒಳಗೆ ತುಂಬುವ ರಾಕ್‌ವುಲ್ (ಕಲ್ಲಿನ ಎಳೆಗಳ ಹಾಸು) ಅಗ್ಗವೇ.

ಹಾಲ್ ಸುಮಾರು 5.2 ಮೀ. ಉದ್ದ, 3.8 ಅಗಲ, 3 ಎತ್ತರ. ಎದುರುಬದುರು ಗೋಡೆಗಳ ನಡುವೆ ಸದ್ದು ಪುಟಿದು ಕೆಲವು ಸ್ವರಗಳು ಉಬ್ಬುತ್ತವೆ, ಇವೇ ಮೋಡ್‌ಗಳು; ಈ ಅಳತೆಗೆ ಅಂದರೆ 33, 45, 57 ಹರ್ಟ್ಸ್ ಬಳಿ ಗುಡುಗು. 25 ಮಿ.ಮೀ. ಫೋಮ್ ಹಾಳೆಗೆ ಸುರಿದ ದುಡ್ಡು ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದ ಹಾಗೆ. ಅದು ನುಂಗುವುದು ಹೆಚ್ಚುಕಡಿಮೆ ಸಾವಿರ ಹರ್ಟ್ಸ್‌ನಿಂದ ಮೇಲಿನದನ್ನು ಮಾತ್ರ; ತಾಳದ ಮಿನುಗು ಹೋಗಿ ಗುಡುಗು ಇನ್ನೂ ಎದ್ದು ಕೇಳುತ್ತದೆ. ನೋಡಲೂ ಚೆಂದವಿಲ್ಲ, ಹೆಂಡತಿ ಬೇಡವೆಂದದ್ದು ಸರಿಯಾಗಿತ್ತು.

ಕೊನೆಗೆ ಕೆಲಸ ಮಾಡಿದ್ದು ಒಂದು ಒಪ್ಪಂದ: ದಪ್ಪ ಮತ್ತು ಜಾಗ ನನ್ನದು, ಬಣ್ಣ, ಚಿತ್ರ, ಮರ ಅವಳದು. ಮೊದಲ ಪ್ರತಿಫಲನದ ಜಾಗಗಳಿಗೆ, ಅಂದರೆ ಸ್ಪೀಕರ್‌ನ ಸದ್ದು ಒಂದೇ ಸಲ ಗೋಡೆಗೆ ಬಡಿದು ಕಿವಿಗೆ ಬರುವಲ್ಲಿ, 600×1200 ಮಿ.ಮೀ. ಅಳತೆಯ ಪ್ಯಾನೆಲ್, ಒಳಗೆ ಘನ ಮೀಟರಿಗೆ 48 ಕೆ.ಜಿ. ಸಾಂದ್ರತೆಯ ರಾಕ್‌ವುಲ್ 100 ಮಿ.ಮೀ., ಗೋಡೆಯಿಂದ 50 ಮಿ.ಮೀ. ಅಂತರ. ಈ ಖಾಲಿ ಜಾಗ ಬಿಡಲೇಬೇಕು, ಕೆಳಗಿನ ಮಿಡ್ (ಬೇಸ್‌ಗಿಂತ ತುಸು ಮೇಲಿನ ಸ್ವರಗಳು) ಹಿಡಿಯುವುದೇ ಅಲ್ಲಿ. ಎಳೆ ಉದುರದಂತೆ ಒಳಗೊಂದು ತೆಳು ನಾನ್‌ವೋವನ್ (ನೇಯದ) ಬಟ್ಟೆಯ ಸುತ್ತು. ಕತ್ತರಿಸುವಾಗ ಮಾಸ್ಕ್, ಕೈಗವಸು.

ಹೊರಬಟ್ಟೆಯಲ್ಲಿ ಬಹಳ ಜನ ಸೋಲುತ್ತಾರೆ. ಕ್ಯಾನ್ವಾಸ್ ಮೇಲೆ ಮುದ್ರಿಸಿದ ಚಿತ್ರ ಸುಂದರ, ಆದರೆ ಬಣ್ಣದ ಪದರ ರಂಧ್ರ ಮುಚ್ಚಿ ಮೇಲಿನ ಸ್ವರಗಳನ್ನು ಹಿಂದಕ್ಕೆ ಎಸೆಯುತ್ತದೆ. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿದರೆ ಉಸಿರು ಸಲೀಸಾಗಿ ದಾಟಬೇಕು. ಬಣ್ಣ ನೂಲಿನೊಳಗೇ ಇಳಿಯುವ ಸಬ್ಲಿಮೇಶನ್ ಮುದ್ರಣದ ಪಾಲಿಯೆಸ್ಟರ್ ಈ ಪರೀಕ್ಷೆಯಲ್ಲಿ ಗೆದ್ದಿತು. 150 ಮಿ.ಮೀ. ಆಳ ಮೂರನೇ ಒಂದರಷ್ಟೇ ಕಾಣುವಂತೆ ಚೌಕಟ್ಟಿನ ಅಂಚು ಕೊರೆಸಿದ್ದೇನೆ. ಆ ಅಳತೆ ಸದ್ಯ ನನ್ನಲ್ಲೇ ಇರಲಿ. ಬಂದವರು ಇವತ್ತಿಗೂ ಅವನ್ನು ಚಿತ್ರಪಟ ಎಂದೇ ತಿಳಿದಿದ್ದಾರೆ.

ಸೋಫಾ ಹಿಂಗೋಡೆಗೆ ಅಂಟಿಕೊಂಡೇ ಇರಬೇಕೆಂದು ಅವಳ ಹಟ. ಅಲ್ಲಿ ಉದ್ದದ ಮೋಡ್‌ಗಳೆಲ್ಲ ತುತ್ತತುದಿಯಲ್ಲಿರುತ್ತವೆ. ಗೋಡೆಯಿಂದ ಹಾಲ್ ಉದ್ದದ 38 ಶೇಕಡಾ ದೂರದಲ್ಲಿ ಕೂರಬೇಕೆಂಬ ಲೆಕ್ಕಕ್ಕೆ ತಂದರೆ ಸೋಫಾ ನಡುಹಾಲಿಗೇ ಬರುತ್ತದೆ. ಸೋಫಾದ ಹಿಂದೆ ಕಡಿಮೆ ಆಳದ ಪುಸ್ತಕದ ಕಪಾಟು ನಿಲ್ಲಿಸಿದೆವು. ಅವಳಿಗೆ ಕಪಾಟು ಸಿಕ್ಕಿತು, ನನಗೆ ಗೋಡೆಯಿಂದ ಕಿವಿಗೆ ಅರ್ಧ ಮೀಟರ್‌ನಷ್ಟು ಅಂತರ. ಪುಸ್ತಕಗಳನ್ನು ಅಂಚು ಸಮ ಮಾಡದೆ ಹಿಂದೆ ಮುಂದೆ ಇಡಿ, ಸದ್ದು ಚದುರುತ್ತದೆ.

ಸ್ಪೀಕರ್ ಗೋಡೆಯಿಂದ 70 ಸೆಂ.ಮೀ. ಇದ್ದಾಗ ಗೋಡೆಗೆ ಬಡಿದು ಮರಳಿದ ಸದ್ದು ನೇರ ಸದ್ದನ್ನು ಅಳಿಸಿ 122 ಹರ್ಟ್ಸ್ ಬಳಿ ಆಳವಾದ ಗುಂಡಿ. 40ಕ್ಕೆ ತಳ್ಳಿದರೆ ಗುಂಡಿ 210ರ ಆಸುಪಾಸಿಗೆ ಏರುತ್ತದೆ, ಅಲ್ಲಿ ಸ್ಪೀಕರ್ ಹಿಂದಿನ ದಪ್ಪ ಪ್ಯಾನೆಲ್ ಅದನ್ನು ತುಂಬಾ ಕುಗ್ಗಿಸುತ್ತದೆ. ನಡೆದಾಡಲು ಜಾಗವೂ ಉಳಿಯಿತು. ಗೋಡೆ ಹತ್ತಿರವಾಗಿ ಉಬ್ಬಿದ ಬೇಸನ್ನು ಇಕ್ಯೂನಲ್ಲಿ (ಬೇಕಾದ ಸ್ವರದ ಮಟ್ಟ ಏರಿಸಿ ಇಳಿಸುವ ಈಕ್ವಲೈಸರ್) ಇಳಿಸಿದೆ.

ಮೂಲೆಗೆ ಪಟ್ಟಿಬಾಗಿಲಿನ ಕಪಾಟು ಮಾಡಿಸಿ, ನೆಲದಿಂದ ಛಾವಣಿವರೆಗೆ ರಾಕ್‌ವುಲ್ ತುಂಬಿದೆ. 80 ಹರ್ಟ್ಸ್‌ನಿಂದ ಮೇಲಕ್ಕೆ ಮೊಳಗು ಚೆನ್ನಾಗಿ ಕತ್ತರಿಸಿತು. 33, 45 ಬಹುತೇಕ ಅಲುಗಲಿಲ್ಲ. ಆ ಎರಡನ್ನೂ ಆರ್‌ಇಡಬ್ಲ್ಯು (ಕೋಣೆಯ ಸದ್ದು ಅಳೆಯುವ ತಂತ್ರಾಂಶ) ಅಳತೆ ನೋಡಿ ಕಿರಿದಾದ ಫಿಲ್ಟರ್‌ನಿಂದ ಸುಮಾರು 6 ಡಿಬಿ ತಗ್ಗಿಸಿದೆ. ಶಿಖರ ಇಳಿಸಿ, ಗುಂಡಿ ತುಂಬಲು ಹೋಗಬೇಡಿ: 6 ಡಿಬಿ ಏರಿಸಲು ಆಂಪ್ ನಾಲ್ಕು ಪಟ್ಟು ಶಕ್ತಿ ಕೊಡಬೇಕು, ಗುಂಡಿ ಗುಂಡಿಯಾಗಿಯೇ ಇರುತ್ತದೆ.

ಪರದೆಯಲ್ಲೂ ಒಂದು ಪ್ರಯೋಗ: ಕಿಟಕಿಯ ಎರಡರಷ್ಟು ಅಗಲದ ದಪ್ಪ ಬಟ್ಟೆ, ಗಾಜಿನಿಂದ 15 ಸೆಂ.ಮೀ. ಈಚೆಗೆ. ಬಿಗಿಯಾಗಿ ಎಳೆದ ತೆಳು ಪರದೆಗಿಂತ ಎಷ್ಟೋ ಮೇಲು. ಇಷ್ಟೆಲ್ಲ ಆದಮೇಲೆ ಅನುರಣನ (ಸದ್ದು ನಿಂತ ಮೇಲೂ ಕೋಣೆಯಲ್ಲಿ ಉಳಿಯುವ ಮೊಳಗು) 0.8 ಸೆಕೆಂಡಿನಿಂದ 0.4ರ ಹತ್ತಿರಕ್ಕೆ ಬಂದಿದೆ. ಪ್ಯಾನೆಲ್ ಒಂದಕ್ಕೆ ಚೌಕಟ್ಟೂ ಸೇರಿ ಆರೇಳು ಕೆ.ಜಿ. ತೂಗುತ್ತದೆ, ಒಂದೇ ಮೊಳೆಗೆ ತೂಗುಹಾಕಬೇಡಿ.