ಶಿಕಾಗೊ ಕಡೆ ಹೊರಟ ನಮ್ಮ ಕಡೆಯವರಿಗೆ: ಯಾವ ಬೀಜ, ಯಾವಾಗ

ಎಳ್ಳ ಅಮಾವಾಸ್ಯೆಗೆ ಅಂತ ಕಲಬುರಗಿಗೆ ಬಂದು ಹತ್ತು ದಿನ ಆಯಿತು. ದಿನಾ ಯಾರಾದರೂ ಮನೆಗೆ ಬರುತ್ತಿದ್ದಾರೆ. ಒಬ್ಬರ ಮಗನಿಗೆ ಶಿಕಾಗೊದಲ್ಲಿ ಕೆಲಸ ಸಿಕ್ಕಿದೆ, ಇನ್ನೊಬ್ಬರ ಸೊಸೆ ಗಂಡನ ಹತ್ತಿರ ಹೊರಟಿದ್ದಾಳೆ. ಚಹಾ ಮುಗಿಯುವ ಹೊತ್ತಿಗೆ ಚೀಲದಿಂದ ಪೊಟ್ಟಣಗಳು ಹೊರಗೆ ಬರುತ್ತವೆ. ಪುಂಡಿ ಬೀಜ, ಹೀರೆ ಬೀಜ, ಮನೆಯ ಬದನೆ ಬೀಜ, ಒಂದು ಹಿಡಿ ತೊಗರಿ. "ಅಕ್ಕಾರೆ, ಇವು ಅಲ್ಲಿ ಬೆಳೀತಾವೇನ್ರಿ?"

ಒಬ್ಬೊಬ್ಬರಿಗೇ ಹೇಳುವುದಕ್ಕಿಂತ ಬರೆದುಬಿಡೋಣ ಅನ್ನಿಸಿತು. ನಾನು ಆಳಂದ ತಾಲ್ಲೂಕಿನ ಹಳ್ಳಿಯವಳು. 2007ರಿಂದ ಶಿಕಾಗೊದ ಪಶ್ಚಿಮಕ್ಕಿರುವ ನೇಪರ್ವಿಲ್‌ನಲ್ಲಿದ್ದೇನೆ. ಹೊಲದ ಮನೆಯಲ್ಲಿ ಹುಟ್ಟಿದವಳು ಅನ್ನುವ ಧೈರ್ಯದಲ್ಲಿ ಯಾರನ್ನೂ ಕೇಳದೆ ಹಿತ್ತಲು ಮಾಡಿದೆ. ನಾಲ್ಕು ವರ್ಷ ಸುಮ್ನೆ ಹೋದವು.

ಮೊದಲು ಕಾಗದದ ಕೆಲಸ. ಬಿತ್ತುವ ಬೀಜ ಅಮೆರಿಕಕ್ಕೆ ಒಯ್ಯಬೇಕಾದರೆ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಬೇಕು, ಅಂದರೆ ಬೀಜಕ್ಕೆ ರೋಗ, ಕೀಟ ಇಲ್ಲ ಅನ್ನುವ ಸರ್ಕಾರಿ ಕಾಗದ. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಬಚ್ಚಿಟ್ಟು ಒಯ್ಯಬೇಡಿ. ಪುಂಡಿ, ಹೀರೆ, ಬೆಂಡೆ, ಮೆಂತ್ಯ ಎಲ್ಲದರ ಬೀಜವೂ ಅಲ್ಲೇ ಸಿಗುತ್ತದೆ. ಬಾಡಿಗೆ ಮನೆಯಾದರೆ ಮಣ್ಣು ಅಗೆಯುವ ಮೊದಲು ಮಾಲೀಕರನ್ನು ಕೇಳಿ. ಇಷ್ಟು ಸಾಕು.

ಈಗ ಥಂಡಿಯ ಮಾತು. ನಮ್ಮಲ್ಲಿ ಬಿತ್ತನೆ ಅಂದರೆ ಮಳೆ. ನಮ್ಮಪ್ಪ ಪಂಚಾಂಗ ಹಿಡಿದು ರೋಹಿಣಿ ಆಯಿತು, ಮಿರಗ ಕೂಡಿತು, ಇನ್ನು ಆರಿದ್ರ ಅಂತ ಎಣಿಸುತ್ತಿದ್ದರು. ಇವು ಸೂರ್ಯ ಆಯಾ ನಕ್ಷತ್ರಕ್ಕೆ ಬಂದಾಗಿನ ಮಳೆಗಳು; ಮಿರಗ ಅಂದರೆ ಮೃಗಶಿರ. ಆಕಾಶ ನೋಡುತ್ತಿದ್ದುದು ನೀರಿಗಾಗಿ. ಥಂಡಿಗೆ ಹೆದರಿ ಯಾರೂ ಬಿತ್ತನೆ ನಿಲ್ಲಿಸಿದ್ದಿಲ್ಲ. ಬೀದರಿನವರು "ನಾವು ಥಂಡಿ ಕಂಡವರು" ಅನ್ನುತ್ತಾರೆ. ನಿಜ, ಎತ್ತರದ ಊರು, ಕಲಬುರಗಿಗಿಂತ ಜಾಸ್ತಿ ಥಂಡಿ. ಆದರೆ ಆ ಥಂಡಿಗೆ ಹಿಂಗಾರಿ ಜೋಳ, ಕಡಲೆ ಖುಷಿಯಿಂದ ಬರುತ್ತವೆ. ಶಿಕಾಗೊದ್ದು ಎಲೆಯೊಳಗಿನ ನೀರೇ ಹೆಪ್ಪುಗಟ್ಟುವ ಥಂಡಿ. ಅದಕ್ಕೆ ನಮ್ಮ ಕಡೆ ಒಂದು ಹೆಸರೂ ಇಲ್ಲ. ಇಬ್ಬನಿ ಗೊತ್ತು, ಮಂಜು ಗೊತ್ತು, ಇದು ಎರಡೂ ಅಲ್ಲ. ಅಲ್ಲಿಯವರು ಹೇಳುವ ಹಾಗೆ ಫ್ರಾಸ್ಟ್ ಅಂತಲೇ ಕರೆಯುತ್ತೇನೆ.

ಮೊದಲ ವರ್ಷ ಏಪ್ರಿಲ್ ನಡುವೆ ಒಂದು ವಾರ ಒಳ್ಳೆ ಬಿಸಿಲು ಬಿತ್ತು. ಐದು ತಿಂಗಳು ಕೋಟಿನೊಳಗೇ ಇದ್ದ ಮೈಗೆ ಅದು ಹಬ್ಬದ ಹಾಗೆ. ಒಂದು ದೊಡ್ಡ ಅಂಗಡಿಯ ಮುಂದೆ ಟೊಮೆಟೊ, ಬದನೆ, ಮೆಣಸಿನ ಸಸಿಗಳನ್ನು ಸಾಲಾಗಿ ಇಟ್ಟಿದ್ದರು. ಅಂಗಡಿಯಲ್ಲಿ ಇಟ್ಟಿದ್ದಾರೆ ಅಂದರೆ ಹಚ್ಚುವ ಕಾಲ ಬಂತು ಅಂದುಕೊಂಡೆ. ಕಲಬುರಗಿಯ ಕಣ್ಣಿ ಮಾರ್ಕೆಟ್‌ನಲ್ಲಿ ಹಾಗೆಯೇ ಅಲ್ವಾ, ಕಾಲಕ್ಕೆ ತಕ್ಕ ಮಾಲು ತಾನೇ ಬರುತ್ತದೆ. ಅಲ್ಲಿ ಹಾಗಲ್ಲ. ಮಾರುವವರು ನಿಮ್ಮ ಹಿತ್ತಲಿನ ಥಂಡಿ ನೋಡಿ ಮಾಲು ಇಡುವುದಿಲ್ಲ. ಇಪ್ಪತ್ತನಾಲ್ಕು ಸಸಿ ತಂದು ಹಚ್ಚಿದೆ. ಮಣ್ಣು ಕಪ್ಪಗೆ, ಕಣ್ಣಿಗೆ ನಮ್ಮ ಎರೆ ಭೂಮಿಯ ಹಾಗೇ ಇತ್ತು. ಕೈಯಲ್ಲಿ ಹಿಡಿದು ಮೂಸಿ ನೋಡಿದ್ದೆ. ಅದಕ್ಕೇ ಇನ್ನಷ್ಟು ನಂಬಿದೆ.

ಮೇ ಮೊದಲ ವಾರ, ಒಂದು ಬೆಳಿಗ್ಗೆ ಎದ್ದು ನೋಡಿದರೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ. ಸಸಿಗಳು ಮಾತ್ರ ಹಸಿರಾಗೇ ನಿಂತಿದ್ದವು. ಉಳಿದವು ಅಂತ ಸಮಾಧಾನವಾಯಿತು. ಒಂದು ಎಲೆ ಮುಟ್ಟಿದೆ, ಗಾಜಿನ ಹಾಗೆ ಸೆಡೆತಿತ್ತು. ಬಿಸಿಲು ಬಿದ್ದು ಅರ್ಧ ಗಂಟೆಗೆ ಎಲೆಗಳೆಲ್ಲ ಕುದಿಸಿದ ಪಲ್ಯದ ಹಾಗೆ ಜೋತುಬಿದ್ದವು. ಮಧ್ಯಾಹ್ನಕ್ಕೆ ಕಪ್ಪಾದವು. ಇಪ್ಪತ್ತನಾಲ್ಕರಲ್ಲಿ ಒಂದೂ ಉಳಿಯಲಿಲ್ಲ.

ನನಗೆ ಸಿಟ್ಟು ಬಂದದ್ದು ಯಾಕೆಂದರೆ, ಹಿಂದಿನ ರಾತ್ರಿ ಹವಾಮಾನ ನೋಡಿಯೇ ಮಲಗಿದ್ದೆ. 36 ಡಿಗ್ರಿ ಫ್ಯಾರನ್‌ಹೀಟ್ ಅಂತ ಇತ್ತು. ನೀರು ಹೆಪ್ಪುಗಟ್ಟುವುದು 32ಕ್ಕೆ. ನಾಲ್ಕು ಡಿಗ್ರಿ ಅಂತರ ಇದೆಯಲ್ಲ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅದು ನೆಲದಿಂದ ಆಳೆತ್ತರದ ಗಾಳಿಯ ಲೆಕ್ಕ. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ ನೆಲದ ಕಾವು ಸೀದಾ ಆಕಾಶಕ್ಕೆ ಹೋಗಿಬಿಡುತ್ತದೆ. ನೆಲದ ಹತ್ತಿರದ ಎಲೆ ಗಾಳಿಗಿಂತ ತಣ್ಣಗಾಗುತ್ತದೆ. ಮೋಡ ಇದ್ದರೆ ಅದು ಕೌದಿ ಹೊಚ್ಚಿದ ಹಾಗೆ, ಕಾವು ಹೋಗಲು ಬಿಡುವುದಿಲ್ಲ. ತಣ್ಣನೆ ಗಾಳಿ ಭಾರ, ನೀರಿನ ಹಾಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನನ್ನ ಸಸಿಗಳಿದ್ದದ್ದು ಹಿತ್ತಲಿನ ತಗ್ಗಿನಲ್ಲೇ. ಊರಲ್ಲಿ ನೀರು ನಿಲ್ಲುತ್ತದೆ ಅಂತ ಒಳ್ಳೆಯ ಜಾಗ ಅನ್ನಿಸಿಕೊಳ್ಳುವ ತಗ್ಗೇ ಅಲ್ಲಿ ಕೆಟ್ಟ ಜಾಗ. ಅದಕ್ಕೇ ಹೇಳುತ್ತೇನೆ, 40ರ ಕೆಳಗೆ ತೋರಿಸಿ ಆಕಾಶ ಸ್ವಚ್ಛವಾಗಿದ್ದರೆ ಸಸಿ ಮುಚ್ಚಿ.

ಇನ್ನೊಂದು ತಪ್ಪು, ಜೋನ್ ನಕ್ಷೆಯದು. ಅಮೆರಿಕದ ಕೃಷಿ ಇಲಾಖೆ ಒಂದು ನಕ್ಷೆ ಕೊಡುತ್ತದೆ, 2023ರಲ್ಲಿ ಹೊಸದು ಬಂದಿದೆ. ಅದನ್ನು ನೋಡಿ ನೆಡುವ ದಿನ ಲೆಕ್ಕ ಹಾಕಿದ್ದೆ. ಆ ನಕ್ಷೆ ಹೇಳುವುದು ಚಳಿಗಾಲದಲ್ಲಿ ಉಷ್ಣಾಂಶ ಎಷ್ಟು ಕೆಳಗೆ ಇಳಿಯುತ್ತದೆ ಅನ್ನುವುದಷ್ಟೇ. ವರ್ಷಗಟ್ಟಲೆ ನಿಲ್ಲುವ ಗಿಡಮರಕ್ಕೆ ಅದು ಬೇಕು, ಬದನೆಗೆ ಬೇಡ. ನಿಮಗೆ ಬೇಕಾದದ್ದು ಎರಡೇ ತಾರೀಖು: ವಸಂತದ ಕೊನೆಯ ಫ್ರಾಸ್ಟ್, ಶರತ್ಕಾಲದ ಮೊದಲ ಫ್ರಾಸ್ಟ್. ನೇಪರ್ವಿಲ್ ಕಡೆ ಮೊದಲನೆಯದು ಸರಾಸರಿ ಏಪ್ರಿಲ್ ಕೊನೆ, ಮೇ ಮೊದಲು. ಎರಡನೆಯದು ಅಕ್ಟೋಬರ್ ಮೊದಲರ್ಧದ ಸುಮಾರು. ಸರಾಸರಿ ಅನ್ನುವ ಮಾತಿಗೆ ಮೋಸ ಹೋಗಬೇಡಿ. ಆ ತಾರೀಖು ದಾಟಿದ ಮೇಲೂ ಸುಮಾರು ಅರ್ಧದಷ್ಟು ವರ್ಷಗಳಲ್ಲಿ ಫ್ರಾಸ್ಟ್ ಬೀಳುತ್ತದೆ. ಮಿಶಿಗನ್ ಸರೋವರದ ದಂಡೆಯವರಿಗೆ ನೀರಿನ ಕಾವು ಸ್ವಲ್ಪ ಕಾಪಾಡುತ್ತದೆ. ನಮ್ಮಂಥ ಒಳಗಿನ ಊರಿನವರಿಗೆ ಆ ಆಸರೆ ಇಲ್ಲ. ಟೊಮೆಟೊ ಸಸಿ ನಾನು ಮೇ 15ರ ಮೊದಲು ನೆಲಕ್ಕೆ ಇಳಿಸುವುದಿಲ್ಲ.

ಹಾಗಂತ ಮೇವರೆಗೆ ಕೈಕಟ್ಟಿ ಕೂರಬೇಡಿ. ಬೀಜಗಳನ್ನು ಎರಡು ಗುಂಪು ಮಾಡಿ. ನಮ್ಮ ಚಳಿಗಾಲದಲ್ಲಿ ಚೆನ್ನಾಗಿ ಬರುವವು ಒಂದು ಕಡೆ: ಮೆಂತ್ಯ, ಪಾಲಕ, ಕೊತ್ತಂಬರಿ, ಮೂಲಂಗಿ, ಗಜ್ಜರಿ, ಬಟಾಣಿ. ಇವು ಸಣ್ಣ ಫ್ರಾಸ್ಟ್ ತಡೆಯುತ್ತವೆ. ಏಪ್ರಿಲ್‌ನಲ್ಲಿ ಮಣ್ಣು ಹಿಡಿದರೆ ಮುದ್ದೆಯಾಗದೆ ಉದುರುವಂತಾದ ದಿನವೇ ಚೆಲ್ಲಿ. ಮೇ ತಿಂಗಳಲ್ಲಿ ಮೆಂತ್ಯ ಪಲ್ಯ, ಜೋಳದ ರೊಟ್ಟಿ ತಿನ್ನುತ್ತೀರಿ. ಜೂನ್ ಬಿಸಿಲಿಗೆ ಇವು ಹೂ ಬಿಟ್ಟು ಮುಗಿಯುತ್ತವೆ. ಆಗಸ್ಟ್ ಕೊನೆಗೆ ಇನ್ನೊಮ್ಮೆ ಹಾಕಬಹುದು.

ಇನ್ನೊಂದು ಗುಂಪು ಬಿಸಿಲಿನ ಮಕ್ಕಳು. ಇವಕ್ಕೆ ನಾನು ನಮ್ಮ ಹಬ್ಬಗಳನ್ನೇ ಗುರುತು ಮಾಡಿಕೊಂಡಿದ್ದೇನೆ. ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಎಳೆಯುವ ಹೊತ್ತಿಗೆ ಅಲ್ಲಿ ಮೆಣಸಿನ ಬೀಜ, ಬದನೆ ಬೀಜ ಮನೆಯೊಳಗೆ ಕುಂಡದಲ್ಲಿರಬೇಕು. ಯುಗಾದಿಗೆ ಟೊಮೆಟೊ. ಬಸವ ಜಯಂತಿಗೆ ಹೀರೆ, ಸೋರೆ, ಹಾಗಲ. ಹಬ್ಬ ವರ್ಷ ವರ್ಷ ಹಿಂದೆಮುಂದೆ ಆಗುತ್ತವೆ. ಅದಕ್ಕೇ ಮಾರ್ಚ್ ನಡುವೆ, ಮಾರ್ಚ್ ಕೊನೆ, ಏಪ್ರಿಲ್ ಕೊನೆ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ. ಮೊಳಕೆಗೆ ಕಿಟಕಿಯ ಬೆಳಕು ಸಾಲುವುದಿಲ್ಲ, ಒಂದು ಟ್ಯೂಬ್‌ಲೈಟ್ ಹತ್ತಿರದಲ್ಲೇ ತೂಗಿಬಿಡಿ. ನೆಡುವ ಮೊದಲು ಒಂದು ವಾರ, ಹತ್ತು ದಿನ ಸಸಿಗಳನ್ನು ದಿನಾ ಹೊರಗಿಟ್ಟು ಒಳಗೆ ತನ್ನಿ. ಮೊದಲ ದಿನ ಒಂದು ಗಂಟೆ ಸಾಕು. ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಬೆಳ್ಳಗೆ ಸುಟ್ಟುಹೋಗುತ್ತದೆ.

ಬೆಂಡೆ ಮತ್ತು ಪುಂಡಿ ಮಾತ್ರ ನೇರ ನೆಲಕ್ಕೆ. ಅವಕ್ಕೆ ಫ್ರಾಸ್ಟ್ ಮುಗಿದರೆ ಸಾಲದು, ಮಣ್ಣೂ ಕಾದಿರಬೇಕು, 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲೆ. ತಣ್ಣನೆ ಮಣ್ಣಿನಲ್ಲಿ ಬೀಜ ಕೊಳೆಯುತ್ತದೆ. ಎರಡು ಸಲ ಕೊಳೆಸಿಕೊಂಡೆ. ಮೂರನೇ ವರ್ಷ ಅಪ್ಪ ಫೋನಿನಲ್ಲಿ ಕೇಳಿದರು, "ನಿಮ್ಮಲ್ಲಿ ಮಿರಗ ಯಾವಾಗ್ ಕೂಡ್ತದವ್ವಾ?" ಇಲ್ಲಿ ಮಿರಗ ಇಲ್ಲಪ್ಪಾ ಅಂದೆ. "ಸೂರ್ಯ ಒಬ್ಬನೇ ಅಲ್ಲೇನು, ಹ್ಯಾಂಗ ಇಲ್ಲ?" ಅಂದರು. ಅವರ ಮಾತಿಗೆ ಅಂತ ಜೂನ್ 8ಕ್ಕೆ ಪುಂಡಿ, ಬೆಂಡೆ ಹಾಕಿದೆ. ಆರು ದಿನಕ್ಕೆ ಎಲ್ಲ ಎದ್ದವು. ಅವತ್ತಿನಿಂದ ನನ್ನ ಹಿತ್ತಲಿಗೂ ಮಿರಗ ಇದೆ. ಫೋನ್ ಮಾಡಿ ಅಪ್ಪನಿಗೆ ಹೇಳಿಯೇ ಬೀಜ ಹಾಕುತ್ತೇನೆ.

ತೊಗರಿಯ ವಿಷಯ ಹೇಳಲೇಬೇಕು, ಯಾಕೆಂದರೆ ಎಲ್ಲರ ಪೊಟ್ಟಣದಲ್ಲೂ ಅದೇ ಇದೆ. ತೊಗರಿಯ ಕಣಜದಿಂದ ಹೋದವರು ನಾವು. 2019ರಲ್ಲಿ ನಮ್ಮ ತೊಗರಿಬೇಳೆಗೆ ಜಿಐ ಗುರುತೂ ಬಂದಿದೆ, ಅಂದರೆ ಇದು ಈ ನೆಲದ್ದೇ ಮಾಲು ಅನ್ನುವ ಸರ್ಕಾರಿ ಗುರುತು. ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿ ಸುಲಿದು ತಿನ್ನುವ ಆಸೆಗೆ ನಾನು ಎರಡು ವರ್ಷ ಬೆಳೆದೆ. ಗಿಡ ನನ್ನ ತಲೆಗಿಂತ ಎತ್ತರ ಬಂತು. ಜುಲೈ ಹೋಯಿತು, ಆಗಸ್ಟ್ ಹೋಯಿತು, ಹೂ ಇಲ್ಲ. ಸೆಪ್ಟೆಂಬರ್ ಕೊನೆಗೆ ಹಳದಿ ಮೊಗ್ಗು ಕಂಡಾಗ ಫೋಟೊ ತೆಗೆದು ಊರಿಗೆ ಕಳಿಸಿದೆ. ಅಕ್ಟೋಬರ್‌ನಲ್ಲಿ ಒಂದೇ ರಾತ್ರಿಗೆ ಎಲ್ಲ ಕಪ್ಪಾಯಿತು.

ಕಾರಣ ಹಗಲಿನ ಉದ್ದ. ನಮ್ಮ ಹಳೆಯ ತೊಗರಿ, ಅವರೆ ತಳಿಗಳು ಹಗಲು ಚಿಕ್ಕದಾದಾಗಲೇ ಹೂ ಬಿಡುವುದು. ಜೂನ್‌ನಲ್ಲಿ ಕಲಬುರಗಿಯ ಹಗಲು 13 ಗಂಟೆಯಾದರೆ ಶಿಕಾಗೊದ್ದು 15 ಗಂಟೆ. ಅದು ಇಳಿದು ಹೂವಿಗೆ ಹದವಾಗುವ ಹೊತ್ತಿಗೆ ಫ್ರಾಸ್ಟ್ ಬಾಗಿಲಿಗೆ ಬಂದಿರುತ್ತದೆ. ನೀವು ಎಷ್ಟೇ ಬೇಗ ಬಿತ್ತಿದರೂ ಇದು ಬದಲಾಗುವುದಿಲ್ಲ. ಪುಂಡಿಯೂ ಹಗಲು ಚಿಕ್ಕದಾದಾಗಲೇ ಹೂ ಬಿಡುವುದು. ಆದರೆ ನಮಗೆ ಬೇಕಾದದ್ದು ಅದರ ಎಲೆ, ಹೂವಲ್ಲ. ಅದಕ್ಕೇ ಅದು ಉದ್ದ ಹಗಲಿನಲ್ಲಿ ಎಲೆ ಬಿಡುತ್ತಲೇ ಹೋಗುತ್ತದೆ. ಕಲಬುರಗಿಗಿಂತ ಚೆನ್ನಾಗಿ ಬರುತ್ತದೆ ಅಂದರೂ ತಪ್ಪಲ್ಲ. ತೊಗರಿಯ ಆಸೆ ಬಿಡಿ. ನಾನು ಬಿಡಲು ಎರಡು ವರ್ಷ ತೆಗೆದುಕೊಂಡೆ, ಈಗಲೂ ಡಿಸೆಂಬರ್ ಬಂದರೆ ನೆನಪಾಗುತ್ತದೆ.

ಅಕ್ಟೋಬರ್‌ನ ಮೊದಲ ಫ್ರಾಸ್ಟ್ ಬಂದುಹೋದ ಮೇಲೆ ಎಷ್ಟೋ ಸಲ ಹತ್ತು ಹದಿನೈದು ದಿನ ಒಳ್ಳೆ ಬಿಸಿಲಿರುತ್ತದೆ. ಆ ಒಂದು ರಾತ್ರಿ ದಾಟಿಸಿದರೆ ಇನ್ನೂ ಎರಡು ಬುಟ್ಟಿ ಮೆಣಸಿನಕಾಯಿ ಸಿಗುತ್ತದೆ. ಒಮ್ಮೆ ಸಂಜೆ ಮಗಳು ಫೋನ್ ಹಿಡಿದು ಓಡಿ ಬಂದಳು, ಫ್ರಾಸ್ಟ್ ವಾರ್ನಿಂಗ್ ಬಂದಿದೆ ಅಂತ. ಆಗ ಅವಳಿಗೆ ಎಂಟು ವರ್ಷ. ಮನೆಯಲ್ಲಿದ್ದ ಹಳೆಯ ಬೆಡ್‌ಶೀಟು ಸಾಲಲಿಲ್ಲ. ಅವಳು ಒಳಗೆ ಹೋಗಿ ನಮ್ಮವ್ವ ಹೊಲಿದುಕೊಟ್ಟ ಕೌದಿ ತಂದಳು. ಬೇಡ ಅನ್ನಲು ಬಾಯಿ ಬರಲಿಲ್ಲ. ನಾಲ್ಕು ಕೋಲು ನೆಟ್ಟು, ಭಾರ ಗಿಡದ ಮೇಲೆ ಬೀಳದ ಹಾಗೆ, ಅಂಚು ನೆಲಕ್ಕೆ ಮುಟ್ಟುವ ಹಾಗೆ ಹೊಚ್ಚಿದೆವು. ಅಂಚು ನೆಲಕ್ಕೆ ಮುಟ್ಟಲೇಬೇಕು, ಕಾವು ಬರುವುದು ಮಣ್ಣಿನಿಂದ. ಪ್ಲಾಸ್ಟಿಕ್ ಎಲೆಗೆ ತಾಗಿದರೆ ಅಲ್ಲೇ ಸುಡುತ್ತದೆ, ಬಟ್ಟೆಯೇ ಒಳ್ಳೆಯದು. ಬೆಳಿಗ್ಗೆ ಬಿಸಿಲು ಬಂದ ಮೇಲೆ ತೆಗೆದೆವು. ಒಳಗೆ ಎಂಟೂ ಗಿಡ ಹಸಿರಾಗಿದ್ದವು, ಸುತ್ತಲಿನದೆಲ್ಲ ಕಪ್ಪು. ಕೌದಿಗೆ ಮಣ್ಣು ಮೆತ್ತಿತ್ತು. ಅವ್ವನಿಗೆ ಹೆದರುತ್ತಲೇ ಹೇಳಿದೆ. "ಮೊಮ್ಮಗಳ ಗಿಡಕ್ಕ ಆಯ್ತಲ್ಲ, ಛಲೋ ಆಯ್ತು ಬಿಡು" ಅಂದಳು. ಈಗ ಅವ್ವ ಇಲ್ಲ. ಕೌದಿಯ ಒಂದು ಮೂಲೆಯಲ್ಲಿ ಆ ಕಲೆ ಇನ್ನೂ ಇದೆ. ಮಗಳು ತೊಳೆಯಲು ಬಿಡುವುದಿಲ್ಲ.

ಅವಳಿಗೆ ಮಿರಗ ಗೊತ್ತು, ಫ್ರಾಸ್ಟ್ ಗೊತ್ತು. ಮೊನ್ನೆ ಹೊಲದಲ್ಲಿ ಚರಗ ಚೆಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ತಿನ್ನುವಾಗ ಮೊದಲ ಸಲ ತೊಗರಿ ಸಾಲಿನ ನಡುವೆ ನಿಂತಳು. ಒಂದು ಗಿಡ ಹಿಡಿದು "ಮುತ್ಯಾ, ಇದಕ್ಕ ಕಾಯಿ ಬಂದಾವಲ್ಲ!" ಅಂತ ಕೂಗಿದಳು. ಅವಳು ಕಂಡ ತೊಗರಿ ಗಿಡಗಳಲ್ಲಿ ಕಾಯಿ ಬಿಟ್ಟದ್ದು ಅದೇ ಮೊದಲು. ಅಪ್ಪನಿಗೆ ಅರ್ಥವಾಗಲಿಲ್ಲ, ನನಗಾಯಿತು.

ಬೆಳ್ಳುಳ್ಳಿ ಮರೆತಿದ್ದೆ. ಅಲ್ಲಿ ಅದನ್ನು ಅಕ್ಟೋಬರ್ ನಡುವೆ ಎಸಳು ಬಿಡಿಸಿ ನೆಟ್ಟು ಮೇಲೆ ಒಣಹುಲ್ಲು ಮುಚ್ಚಬೇಕು. ಥಂಡಿ ಸಿಗದಿದ್ದರೆ ಅದು ಗಡ್ಡೆಯೊಳಗೆ ಎಸಳು ಒಡೆಯುವುದೇ ಇಲ್ಲ. ಮಾರ್ಚ್‌ನಲ್ಲಿ ಮೊಳಕೆ, ಜುಲೈಗೆ ಕೀಳುವುದು. ನಾವು ಹೊರಡುವ ಮೊದಲು ಅರವತ್ತು ಎಸಳು ನೆಟ್ಟು ಬಂದಿದ್ದೇವೆ.

ಮಾರ್ಚ್‌ಗೆ ಆ ಕಡೆ ಬರುವವರು ಮೆಣಸು, ಬದನೆಗೆ ಒದ್ದಾಡಬೇಡಿ. ನಾನು ಜಾಸ್ತಿಯೇ ಮಾಡಿರುತ್ತೇನೆ. ಮೇ 15 ದಾಟಿದ ಮೇಲೆ ಯಾವ ಶನಿವಾರವಾದರೂ ಬಂದು ಒಯ್ಯಿರಿ.