ಓದಿನ ಜೊತೆ ಸ್ವಯಂಸೇವೆ: ವಾರಕ್ಕೆ ಎರಡೇ ಗಂಟೆ ಸಾಕು

ಆಡಿಯೊ ಫೈಲು ನಾಲ್ಕನೇ ಅಧ್ಯಾಯದ 21ನೇ ನಿಮಿಷಕ್ಕೆ ನಿಂತುಹೋಗಿತ್ತು, ಅದೂ ವಾಕ್ಯದ ನಡುವೆ. ‘ಇದಕ್ಕೆ ಮುಖ್ಯ ಕಾರಣ ಏನೆಂದರೆ’ ಅಂದವನು ಮುಂದೆ ಮಾತಾಡಿರಲೇ ಇಲ್ಲ. ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬಳಿಗೆ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡಿಕೊಡುತ್ತೇನೆ ಎಂದು ತಾನಾಗೇ ಬಂದಿದ್ದ ಎಂ.ಎ. ಹುಡುಗ ಅವನು. ಅವಳ ಪರೀಕ್ಷೆಗೆ ಒಂಬತ್ತು ದಿನ ಇತ್ತು. ಇವನು ಫೋನ್ ಎತ್ತಲಿಲ್ಲ. ಕೆಟ್ಟವನೇನಲ್ಲ, ಅವನಿಗೂ ಅದೇ ವಾರ ಪರೀಕ್ಷೆ.

ಇಂಥ ಓದುಗರ ಗುಂಪೊಂದನ್ನು ಕೆಲವು ವರ್ಷ ನೋಡಿಕೊಂಡೆ. ಕೈಕೊಟ್ಟವರಲ್ಲಿ ಸೋಮಾರಿಗಳು ಕಮ್ಮಿ. ಟರ್ಮ್ ಶುರುವಿನ ಹುಮ್ಮಸ್ಸಿನಲ್ಲಿ ನಾಲ್ಕು ಕಡೆ ಹೆಸರು ಕೊಟ್ಟವರೇ ಜಾಸ್ತಿ. ಸ್ನಾತಕೋತ್ತರ ಪದವಿಗೋ ಪಿಎಚ್‌ಡಿಗೋ ಸೇರಿ, ಓದಿನ ಜೊತೆ ಏನಾದರೂ ಮಾಡಬೇಕು ಅನ್ನುವವರು ಹೀಗೆ ಹೊರಡಿ.

ಒಂದು: ಬಿಡುವು ಎಣಿಸಿ

ಕ್ಯಾಲೆಂಡರ್‌ನಲ್ಲಿ ಪರೀಕ್ಷೆ, ಸೆಮಿನಾರ್, ಪ್ರಬಂಧ ಒಪ್ಪಿಸುವ ದಿನ ಎಲ್ಲಾ ಗುರುತು ಮಾಡಿ. ಉಳಿದ ಬಿಡುವಿನಲ್ಲಿ ಅರ್ಧ ಹೊಡೆದು ಹಾಕಿ. ವಾರಕ್ಕೆ ಎರಡು ಗಂಟೆ ಮಿಕ್ಕಿದರೆ ಧಾರಾಳವಾಯಿತು.

ಎರಡು: ಒಂದೇ ಒಂದು ಕೆಲಸ ಆರಿಸಿ

ವಿಶ್ವವಿದ್ಯಾಲಯದ ಒಳಗೇ ಹುಡುಕಿ ಎನ್ನುವುದು ನನ್ನ ಹಟ. ಬಸ್ಸು ಹತ್ತಿ ಹೋಗಬೇಕಾದ ಕೆಲಸ ಎರಡನೇ ತಿಂಗಳಿಗೆ ನಿಲ್ಲುತ್ತದೆ. ಅಂಗವಿಕಲ ವಿದ್ಯಾರ್ಥಿಗಳ ವಿಭಾಗದಲ್ಲಿ ಓದಿಹೇಳುವವರು, ಪರೀಕ್ಷೆ ಬರೆದುಕೊಡುವವರು ಬೇಕಿರುತ್ತಾರೆ. ಬರೆದುಕೊಡುವವರು ಅದೇ ವಿಷಯ ಓದಿರಬಾರದು ಎಂಬಂಥ ನಿಯಮ ಇರಬಹುದು, ಮೊದಲೇ ಕೇಳಿಕೊಳ್ಳಿ. ಗ್ರಂಥಾಲಯದಲ್ಲಿ ಹಳೆಯ ದಾಖಲೆ ಸ್ಕ್ಯಾನ್ ಮಾಡುವುದಿರುತ್ತದೆ. ಹೊಸದಾಗಿ ಸೇರಿದವರಿಗೆ ಜೊತೆಯಾಗುವುದು, ಶಾಲೆ ಮಕ್ಕಳಿಗೆ ಪ್ರಯೋಗಾಲಯ ತೋರಿಸುವುದು, ಇವೂ ಇವೆ. ದೊಡ್ಡ ಸಮ್ಮೇಳನಗಳೂ ವಿದ್ಯಾರ್ಥಿ ಸ್ವಯಂಸೇವಕರನ್ನು ತೆಗೆದುಕೊಳ್ಳುತ್ತವೆ. ಕಂಪ್ಯೂಟರ್ ಗ್ರಾಫಿಕ್ಸ್‌ನ ಸಿಗ್ರಾಫ್‌ನಂಥ ಕಡೆ ದುಡಿದವರಿಗೆ ನೋಂದಣಿ ಉಚಿತ.

ಕೋಣೆ ಬಿಟ್ಟು ಏಳಲಾಗದವರಿಗೆ ಆನ್‌ಲೈನ್ ಕೆಲಸ ಇದೆ. ಗ್ಯಾಲಕ್ಸಿ ಝೂ ಎಂಬ ಜಾಲತಾಣ 2007ರಲ್ಲಿ ಶುರುವಾಯಿತು. ಅಲ್ಲಿ ಗೆಲಾಕ್ಸಿಗಳ ಚಿತ್ರ ನೋಡಿ ಆಕಾರ ಗುರುತಿಸಬೇಕು, ಅಷ್ಟೇ. ಹ್ಯಾನಿ ವಾನ್ ಆರ್ಕೆಲ್ ಎಂಬ ಡಚ್ ಶಾಲಾ ಶಿಕ್ಷಕಿ ಹಾಗೆ ನೋಡುತ್ತಾ ಯಾರಿಗೂ ಗೊತ್ತಿರದ ಒಂದು ಅನಿಲದ ಮೋಡವನ್ನೇ ಪತ್ತೆಮಾಡಿದರು, ಅದಕ್ಕೆ ಅವರ ಹೆಸರೇ ಬಂತು. ಬರೆಯುವ ಕೈಯಿದ್ದರೆ ಕನ್ನಡ ವಿಕಿಪೀಡಿಯ 2003ರಿಂದ ಇದೆ. ನಿಮ್ಮ ವಿಷಯದ ಒಂದು ಲೇಖನ ತಿದ್ದಿದರೂ ಕೆಲಸವೇ.

ನೋಂದಣಿ ಶುಲ್ಕ ಕೇಳುವವರು, ಎರಡು ದಿನಕ್ಕೇ ಪ್ರಮಾಣಪತ್ರ ಕೊಡುತ್ತೇವೆ ಎನ್ನುವವರು ಸಿಕ್ಕರೆ ದೂರ ಇರಿ. ಆ ಕಾಗದದಲ್ಲಿ ಚಿನ್ನದ ಬಣ್ಣದ ಅಂಚು ಬಿಟ್ಟರೆ ಏನೂ ಇರುವುದಿಲ್ಲ. ಗಂಟೆ ಲೆಕ್ಕ ಇಡುವ ಆ್ಯಪ್‌ಗಳೂ ಅಷ್ಟಕ್ಕಷ್ಟೆ, ಒಂದು ನೋಟ್‌ಬುಕ್ ಸಾಕು.

ಇನ್ನೊಂದು ಮಾತು, ಬೇರೆ ದೇಶಕ್ಕೆ ಓದಲು ಹೋದವರಿಗೆ. ಸಂಬಳವಿಲ್ಲದ ಕೆಲಸಕ್ಕೆ ವೀಸಾ ಅಡ್ಡಿ ಇಲ್ಲ ಎಂದುಕೊಳ್ಳಬೇಡಿ. ಬ್ರಿಟನ್‌ನಲ್ಲಿ ಕರಾರಿಗೆ ಕಟ್ಟುಬಿದ್ದು ಮಾಡುವ ಸಂಬಳವಿಲ್ಲದ ದುಡಿಮೆಯೂ ವಿದ್ಯಾರ್ಥಿ ವೀಸಾದ ವಾರದ ಗಂಟೆ ಮಿತಿಯೊಳಗೇ ಲೆಕ್ಕ. ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿಯೇ ಹೆಸರು ಕೊಡಿ.

ಮೂರು: ಮೊದಲ ಪತ್ರ

ಎಡವುವುದು ಇಲ್ಲೇ. ನನಗೆ ಬರುತ್ತಿದ್ದ ಪತ್ರಗಳಲ್ಲಿ ಮುಕ್ಕಾಲು ಪಾಲು ಹೀಗಿರುತ್ತಿದ್ದವು: ‘ಸಮಾಜಕ್ಕೆ ಏನಾದರೂ ಮಾಡಬೇಕೆಂಬ ಆಸೆಯಿದೆ. ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ. ಯಾವಾಗ ಕರೆದರೂ ಬರುತ್ತೇನೆ.’ ಓದಲು ಚೆನ್ನಾಗಿದೆ, ಅಲ್ವಾ? ಆದರೆ ಇದನ್ನು ಇಟ್ಟುಕೊಂಡು ನಾನೇನು ಮಾಡಲಿ? ಯಾವಾಗ ಕರೆದರೂ ಬರುತ್ತೇನೆ ಅಂದವರು ಸಾಮಾನ್ಯವಾಗಿ ಯಾವಾಗಲೂ ಬರುವುದಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಪತ್ರ ಇಡುತ್ತೇನೆ. ‘ನಾನು ಅರ್ಥಶಾಸ್ತ್ರದಲ್ಲಿ ಎರಡನೇ ವರ್ಷದ ಎಂ.ಎ. ವಿದ್ಯಾರ್ಥಿನಿ. ಮಂಗಳವಾರ ಸಂಜೆ 4ರಿಂದ 6 ಬರಬಲ್ಲೆ. ಕೋಷ್ಟಕ, ಗ್ರಾಫ್ ಇರುವ ಪುಸ್ತಕ ಓದಬಲ್ಲೆ, ಸಂಸ್ಕೃತ ಶ್ಲೋಕ ಬಂದರೆ ಕಷ್ಟ. ಪರೀಕ್ಷೆಗೆ ಮೂರು ವಾರ ಮುಂಚೆ ನಿಲ್ಲಿಸುತ್ತೇನೆ. ಒಂದು ಪುಟ ಓದಿದ ರೆಕಾರ್ಡಿಂಗ್ ಜೊತೆಗಿಟ್ಟಿದ್ದೇನೆ.’ ಈ ಹುಡುಗಿಗೆ ಅದೇ ದಿನ ಉತ್ತರ ಬರೆದೆ. ಆಸೆಯ ಬಗ್ಗೆ ಅವಳು ಒಂದಕ್ಷರ ಬರೆದಿರಲಿಲ್ಲ.

ನೋಡಿ, ಅವಳ ಪತ್ರದಲ್ಲಿ ದಿನ ಇದೆ, ಗಂಟೆ ಇದೆ, ಬರದ ವಿಷಯ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ನಿಲ್ಲಿಸುವ ದಿನ ಇದೆ. ಅದನ್ನು ಬರೆಯಲು ಎಲ್ಲರಿಗೂ ಸಂಕೋಚ. ಶುರು ಮಾಡುವ ಮೊದಲೇ ಬಿಡುವ ಮಾತೇ, ಏನಂದುಕೊಳ್ಳುತ್ತಾರೋ ಎಂದು. ಏನೂ ಅಂದುಕೊಳ್ಳುವುದಿಲ್ಲ. ನೀವು ಯಾವತ್ತು ನಿಲ್ಲುತ್ತೀರಿ ಎಂದು ಗೊತ್ತಿದ್ದರೆ ಮುಂದಿನ ಅಧ್ಯಾಯಕ್ಕೆ ಇನ್ನೊಬ್ಬರನ್ನು ಹುಡುಕಿಕೊಳ್ಳಬಹುದು. ಗೊತ್ತಿಲ್ಲದಿದ್ದರೆ 21ನೇ ನಿಮಿಷವೇ ಗತಿ.

ಪಿಎಚ್‌ಡಿಯವರು ಈ ಪತ್ರ ಕಳಿಸುವ ಮೊದಲು ಗೈಡ್‌ಗೆ ಒಂದು ಮಾತು ಹೇಳಿ. ಅನುಮತಿ ಬೇಡುವುದೇನೂ ಬೇಡ. ‘ಸರ್, ಮಂಗಳವಾರ ಸಂಜೆ ಎರಡು ಗಂಟೆ ಇರುವುದಿಲ್ಲ’ ಅಂದರೆ ಮುಗಿಯಿತು. ಹೇಳದೆ ಹೋದರೆ ಮೀಟಿಂಗ್ ಸರಿಯಾಗಿ ಮಂಗಳವಾರ ಸಂಜೆಗೇ ಬೀಳುತ್ತದೆ.

ಪತ್ರ ಬರೆಯಲು ಎಐ ಹಿಡಿಯುವ ಅಡ್ಡದಾರಿ ಬೇಡ. ಒಂದೇ ವಾರದಲ್ಲಿ ಒಂದೇ ಥರದ ನಾಲ್ಕು ‘ಆಸೆ’ಗಳು ಬಂದಾಗ ನಾವು ನಕ್ಕಿದ್ದಿದೆ. ಆರು ಸಾಲು ನೀವೇ ಬರೆಯಿರಿ, ತಪ್ಪಿದ್ದರೂ ಪರವಾಗಿಲ್ಲ.

ನಾಲ್ಕು: ಮೊದಲ ತಿಂಗಳು

ಹೇಳಿದ ದಿನ ಹೋಗಿ, ಹೇಳಿದಷ್ಟೇ ಮಾಡಿ. ಸುಮ್ನೆ ಹೆಚ್ಚಿಗೆ ಹೊರಬೇಡಿ. ಕೆಲಸ ಆರಂಭಿಸುವ ಮುನ್ನ ಅದು ಯಾರಿಗಾಗಿಯೋ ಅವರನ್ನೇ ಹೇಗೆ ಬೇಕು ಎಂದು ಕೇಳಿ. ಪುಸ್ತಕ ಓದುವವರು ಗ್ರಾಫ್ ಬಂದರೆ ‘ಇಲ್ಲೊಂದು ಚಿತ್ರ ಇದೆ’ ಎಂದು ದಾಟಿಬಿಡುತ್ತಾರೆ. ಕೇಳುವವಳಿಗೆ ಬೇಕಿರುವುದೇ ಅದು: ಅಡ್ಡ ಗೆರೆಯಲ್ಲಿ ಏನಿದೆ, ಲಂಬ ಗೆರೆಯಲ್ಲಿ ಏನಿದೆ, ರೇಖೆ ಎಲ್ಲಿ ಏರಿ ಎಲ್ಲಿ ಇಳಿಯುತ್ತದೆ. ಪುಟ ಸಂಖ್ಯೆಯನ್ನೂ ಓದಿ. ತರಗತಿಯಲ್ಲಿ ಮೇಷ್ಟ್ರು ‘ಪುಟ 84 ತೆಗೆಯಿರಿ’ ಅಂದಾಗ ಅವಳಿಗೂ ಸಿಗಬೇಕಲ್ಲ. ಫ್ಯಾನ್ ಆರಿಸಿ. ಒಂದು ಅಧ್ಯಾಯಕ್ಕೆ ಒಂದು ಫೈಲು.

ರೆಕಾರ್ಡಿಂಗ್ ಚೆನ್ನಾಗಿ ಬಂತೆಂದು ಯೂಟ್ಯೂಬ್‌ಗೆ ಹಾಕಬೇಡಿ. ಮುದ್ರಿತ ಪುಸ್ತಕ ಓದಲಾಗದವರಿಗೆ ಹಕ್ಕುದಾರರ ಅನುಮತಿ ಇಲ್ಲದೆಯೇ ಪ್ರತಿ ಮಾಡಿಕೊಡಲು ದಾರಿ ಮಾಡಿಕೊಟ್ಟದ್ದು 2013ರ ಮರಾಕೇಶ್ ಅಂತರರಾಷ್ಟ್ರೀಯ ಒಪ್ಪಂದ. ಅದು ಅವರಿಗೆ ಮಾತ್ರ, ಊರಿಗೆಲ್ಲ ಹಂಚುವುದಕ್ಕಲ್ಲ.

ಐದು: ಬಿಡುವಾಗ

ಎರಡು ವಾರ ಮುಂಚೆ ಹೇಳಿ. ಎಲ್ಲಿಗೆ ನಿಲ್ಲಿಸಿದ್ದೀರಿ, ಏನು ಬಾಕಿ, ಫೈಲು ಎಲ್ಲಿದೆ ಎಂದು ಅರ್ಧ ಪುಟ ಬರೆದಿಡಿ. ಕೆಲಸ ಮಾಡಿದ್ದಕ್ಕೆ ಪತ್ರ ಬೇಕಿದ್ದರೆ ಆಗಲೇ ಕೇಳಿ. ‘ಉತ್ತಮವಾಗಿ ಸೇವೆ ಸಲ್ಲಿಸಿದ್ದಾರೆ’ ಎಂಬ ಪತ್ರ ಯಾರೂ ಓದುವುದಿಲ್ಲ. ಎಷ್ಟು ಗಂಟೆ, ಯಾವ ಕೆಲಸ, ಎಷ್ಟು ಪುಟ ಎಂದು ಇರಲಿ. ನೋಟ್‌ಬುಕ್ ಇಟ್ಟುಕೊಂಡಿದ್ದರೆ ಆ ಲೆಕ್ಕ ನೀವೇ ಕೊಡಬಹುದು.

ಮೈಕು, ಗುರುತಿನ ಚೀಟಿ, ಪಾಸ್‌ವರ್ಡ್, ಬೀಗದ ಕೈ ಎಲ್ಲಾ ಹಿಂದಿರುಗಿಸಿ. ನಮ್ಮ ರೆಕಾರ್ಡಿಂಗ್ ಕೋಣೆಗೆ ಮೂರು ಕೀ ಇದ್ದವು. ಈಗ ಎರಡಿವೆ. ಮೂರನೆಯದು ಯಾರ ಮೇಜಿನ ಡ್ರಾಯರ್‌ನಲ್ಲಿದೆಯೋ, ಇದನ್ನು ಓದುತ್ತಿದ್ದರೆ ತಂದುಕೊಡಿ.